ಸಂಘದ ಸಾಲ, ಕಂಪನಿ ಸಾಲ, ಕಂತಿನ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಆರಿಸಿದ್ದೇವೆ. ಎಲ್ಲವೂ ಹೆಣ್ಣುಮಕ್ಕಳ ಕಿರುಸಾಲದ ಬಗ್ಗೆ. ಸ್ವಸಹಾಯ ಸಂಘಗಳ ಲೆಕ್ಕ ತಪಾಸಣೆ, ಬ್ಯಾಂಕ್ ಸಾಲ ಜೋಡಣೆ ಬಲ್ಲವರು ಉತ್ತರಿಸಿದ್ದಾರೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಮ್ಮ ಪಂಚಾಯತಿ ಒಕ್ಕೂಟದ ಸಭೆಯಲ್ಲಿ ಕಿರುಸಾಲದ ಬಗ್ಗೆ ಒಂದು ಸಾಕ್ಷ್ಯಚಿತ್ರ ತೋರಿಸಿದರು. ಬಾಂಗ್ಲಾದೇಶದ ಬಡ ಹೆಂಗಸರು ಸಣ್ಣ ಸಾಲ ತಗೊಂಡು ಕಸುಬು ಮಾಡಿ ಬಡತನದಿಂದ ಮೇಲೆ ಬಂದರು ಅಂತ ಅದರಲ್ಲಿದೆ. ನಮ್ಮ ಓಣಿಯಲ್ಲಿ ಮೂರು ಮೂರು ಸಾಲ ತಗೊಂಡವರೂ ಇದ್ದಲ್ಲೇ ಇದ್ದಾರೆ. ಚಿತ್ರ ಸುಳ್ಳೋ, ನಮ್ಮವರಿಗೆ ದುಡಿಸೋಕೆ ಬರಲ್ಲವೋ? — ಗಂಗಾವತಿ

ಎರಡೂ ಅಲ್ಲ. ಆ ಕತೆ ಶುರುವಾದದ್ದು ಹೇಗೆ ಅಂತ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. 1976ರಲ್ಲಿ ಚಿತ್ತಗಾಂಗ್ ಹತ್ತಿರದ ಜೋಬ್ರಾ ಎಂಬ ಊರಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ತಮ್ಮ ಜೇಬಿನಿಂದ 42 ಜನರಿಗೆ ಒಟ್ಟು 27 ಡಾಲರ್ ಕೊಟ್ಟರು. ಅಲ್ಲಿನ ಹೆಂಗಸರು ಬಿದಿರಿನ ಮೋಡಾ (ಕೂರುವ ಸ್ಟೂಲು) ಹೆಣೆಯುತ್ತಿದ್ದರು. ಬಿದಿರಿಗೆ ದುಡ್ಡಿಲ್ಲದೆ ವ್ಯಾಪಾರಿಯ ಹತ್ತಿರ ಮುಂಗಡ ತರುತ್ತಿದ್ದರು, ಹೆಣೆದ ಮೋಡಾ ಅವನಿಗೇ, ಅವನು ಹೇಳಿದ ರೇಟಿಗೇ ಕೊಡಬೇಕಿತ್ತು. ಕೈಯಲ್ಲಿ ಕಸುಬು ಇತ್ತು, ಮಾಲು ಕೊಳ್ಳುವವರೂ ಇದ್ದರು. ನಡುವೆ ಕೂತು ತಿನ್ನುತ್ತಿದ್ದವನೊಬ್ಬನನ್ನು ಆ ಸಾಲ ತೆಗೆದುಹಾಕಿತು, ಅಷ್ಟೇ. 1983ರಲ್ಲಿ ಅದು ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ಬ್ಯಾಂಕಿಗೂ ಯೂನುಸ್ ಅವರಿಗೂ ನೊಬೆಲ್ ಶಾಂತಿ ಪುರಸ್ಕಾರ ಬಂತು.

ಇದೇ ಗಣಿತ ನಿಮ್ಮ ಊರಿನ ಸಂತೆಯಲ್ಲೂ ಇದೆ. ಬೆಳಗ್ಗೆ 900 ರೂಪಾಯಿ ಇಸಕೊಂಡು ಕಾಯಿಪಲ್ಯ ತಂದು ಮಾರಿ ಸಂಜೆ 1,000 ಕೊಡುವಾಕೆ ತಿಂಗಳಿಗೆ 25 ದಿನ ಕೂತರೆ ಬರೀ ಬಡ್ಡಿಯೇ 2,500 ರೂಪಾಯಿ. ಅದೇ ಹೆಂಗಸು ಸಂಘದಿಂದ ನೂರಕ್ಕೆ ಎರಡರಂತೆ 5,000 ತಂದರೆ ತಿಂಗಳ ಬಡ್ಡಿ 100. ಉಳಿದ 2,400 ಮನೆಗೆ ಬರುತ್ತದೆ. ಇಂಥ ಕಡೆ ಕಿರುಸಾಲ ನಿಜಕ್ಕೂ ಬದುಕು ಬದಲಿಸುತ್ತದೆ. ಆದರೆ ಕಸುಬೇ ಇಲ್ಲದ ಮನೆಗೆ 50,000 ಕೊಟ್ಟರೆ ಅದು ಮದುವೆಗೋ, ಆಸ್ಪತ್ರೆಗೋ, ಹಳೇ ಸಾಲಕ್ಕೋ ಹೋಗುತ್ತದೆ. ಮುಂದಿನ ಸೋಮವಾರದಿಂದ ಕಂತು ಮಾತ್ರ ಶುರು.

ದೊಡ್ಡ ಪ್ರಮಾಣದ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು ಹೈದರಾಬಾದಿನ 104 ಬಡ ಬಸ್ತಿಗಳನ್ನು ತಗೊಂಡು, ಚೀಟಿ ಎತ್ತಿದ ಹಾಗೆ ಅರ್ಧ ಬಸ್ತಿಗಳಲ್ಲಿ ಮಾತ್ರ ಕಿರುಸಾಲದ ಶಾಖೆ ತೆರೆಯುವಂತೆ ಮಾಡಿ ಹೋಲಿಸಿ ನೋಡಿದರು. ಮೊದಲೇ ವ್ಯಾಪಾರ ಇದ್ದವರು ಬಂಡವಾಳ ಹೆಚ್ಚಿಸಿಕೊಂಡರು. ಚಹಾ, ಎಲೆ ಅಡಿಕೆ, ಹೊರಗಿನ ತಿಂಡಿಯ ಖರ್ಚು ತುಸು ಇಳಿಯಿತು. ಆದರೆ ಮನೆಯ ಒಟ್ಟು ಖರ್ಚು ಏರಲಿಲ್ಲ. ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಣ್ಣಿನ ಮಾತು ನಡೆಯುವುದು, ಇವುಗಳಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಸಿಗಲಿಲ್ಲ. ಭಾರತವೂ ಸೇರಿ ಆರು ದೇಶಗಳ ಇಂಥ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಅವುಗಳ ಸಾರ: ಉಪಯೋಗ ಇದೆ, ಪವಾಡ ಇಲ್ಲ.

ಮುಂದೆ ಇಂಥ ಚಿತ್ರ ನೋಡುವಾಗ ಮೂರು ಸಂಗತಿ ಹುಡುಕಿ. ಸಾಲಕ್ಕೆ ಮುಂಚೆ ಆಕೆಗೆ ಯಾವ ದುಡಿಮೆ ಇತ್ತು? ಕಂತು ಯಾವ ದುಡ್ಡಿನಿಂದ ಹೋಯಿತು? ಗಂಡನ ಕೂಲಿ, ಮಗನ ಪಗಾರ ಬೇರೆ ಇತ್ತೇ? ಮೂರಕ್ಕೂ ಉತ್ತರ ಸಿಗದಿದ್ದರೆ ಚೆಕ್ಕು ಕೊಟ್ಟ ದಿನದ ಫೋಟೋ ನೋಡಿದಿರಿ ಅಂತಷ್ಟೇ ತಿಳಿಯಿರಿ.

ಪ್ರಶ್ನೆ: ಕಿರುಸಾಲ ಕಂಪನಿ ಹುಡುಗ "ಬಡ್ಡಿ ಹದಿಮೂರೂವರೆ ಪರ್ಸೆಂಟ್ ಅಷ್ಟೇ ಅಕ್ಕಾ" ಅಂದ. ಕಾರ್ಡಿನ ಮೇಲೆ 24 ಅಂತ ಇದೆ. 40,000ಕ್ಕೆ ಸಹಿ ಮಾಡಿದೆ, ಕೈಗೆ ಬಂದದ್ದು ಕಮ್ಮಿ. ಯಾವುದು ಖರೆ? — ಸಿರುಗುಪ್ಪ

ಎರಡೂ ಒಂದೇ ಸಾಲದ ಎರಡು ಮುಖ. 40,000 ರೂಪಾಯಿಗೆ, ಇಳಿಯುವ ಅಸಲಿನ ಮೇಲೆ ಶೇ.24ರ ಬಡ್ಡಿ, 24 ತಿಂಗಳ ಕಂತು ಎಂದರೆ ತಿಂಗಳಿಗೆ ಸುಮಾರು 2,115 ರೂಪಾಯಿ. ಎರಡು ವರ್ಷಕ್ಕೆ ಕಟ್ಟುವುದು 50,756, ಅದರಲ್ಲಿ ಬಡ್ಡಿ 10,756. ಈ ಬಡ್ಡಿಯನ್ನು ಪೂರ್ತಿ 40,000ಕ್ಕೂ ಎರಡು ವರ್ಷಕ್ಕೂ ಹಂಚಿದರೆ ವರ್ಷಕ್ಕೆ ಶೇ.13.4 ಬರುತ್ತದೆ. ಇದನ್ನು ಫ್ಲಾಟ್ ದರ ಅನ್ನುತ್ತಾರೆ. ಕೇಳೋಕೆ ಕಮ್ಮಿ, ಕಟ್ಟೋದು ಅಷ್ಟೇ. ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಾ ಬಂದಿರುತ್ತೀರಿ, ಹನ್ನೆರಡನೇ ತಿಂಗಳ ಹೊತ್ತಿಗೆ 40,000 ನಿಮ್ಮ ಹತ್ತಿರ ಇರುವುದೇ ಇಲ್ಲ. ಹಾಗಾಗಿ ನಿಜವಾದ ದರ 24.

ಉಲ್ಟಾ ಆದರೆ ಇನ್ನೂ ಕೆಟ್ಟದ್ದು. ಯಾರಾದರೂ "ಫ್ಲಾಟ್ 24" ಅಂದರೆ ಎರಡು ವರ್ಷದ ಬಡ್ಡಿ 19,200, ಕಂತು 2,467, ನಿಜವಾದ ದರ ವರ್ಷಕ್ಕೆ ಸುಮಾರು ಶೇ.41. ನೋಂದಣಿ ಇಲ್ಲದ ಫೈನಾನ್ಸಿನವರು ಹೇಳುವ "ನೂರಕ್ಕೆ ಎರಡು" ಬಹಳ ಸಲ ಈ ಲೆಕ್ಕದ್ದೇ. ಸಂಘದ ನೂರಕ್ಕೆ ಎರಡು ಹಾಗಲ್ಲ, ಉಳಿದ ಅಸಲಿನ ಮೇಲೆ ಮಾತ್ರ. ಮಾತು ಒಂದೇ ಇದ್ದರೂ ದುಡ್ಡು ಬೇರೆ. ಕೇಳಬೇಕಾದ ಪ್ರಶ್ನೆ ಒಂದೇ: "ಉಳಿದ ಅಸಲಿನ ಮೇಲೋ, ಮೊದಲಿನ ಅಸಲಿನ ಮೇಲೋ?"

ಕೈಗೆ ಕಮ್ಮಿ ಬಂದದ್ದು ಯಾಕೆಂದರೆ ಮೊದಲೇ ಕಡಿತ ಆಗಿದೆ. ಪ್ರೊಸೆಸಿಂಗ್ ಶುಲ್ಕ ಶೇ.1 ಇದ್ದರೆ 400, ಅದರ ಮೇಲೆ ಶೇ.18 ಜಿಎಸ್‌ಟಿ 72, ಜೊತೆಗೆ ವಿಮೆ ಕಂತು. ಈ ಎಲ್ಲವನ್ನೂ ಸೇರಿಸಿ ಬರುವ ವಾರ್ಷಿಕ ದರವನ್ನು ಎಪಿಆರ್ ಎನ್ನುತ್ತಾರೆ. ಸಾಲಕ್ಕೆ ಮುಂಚೆ ಕೊಡಬೇಕಾದ ಫ್ಯಾಕ್ಟ್ ಶೀಟಿನಲ್ಲಿ (ಸಾಲದ ವಿವರದ ಹಾಳೆ) ಅದು ಇರಲೇಬೇಕು. ಅದರಲ್ಲಿ ಬರೆಯದ ಯಾವ ಶುಲ್ಕವನ್ನೂ ವಸೂಲಿ ಮಾಡುವಂತಿಲ್ಲ. ಸಾಲದ ಕಾರ್ಡು ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಮಿಕ್ಸಿ, ಮೊಬೈಲು, ಸೋಲಾರ್ ದೀಪ ಅಂತ ಸಾಲದ ಜೊತೆ ಅಂಟಿಸಿದ್ದರೆ ನಿಮ್ಮ ಒಪ್ಪಿಗೆ ಇಲ್ಲದೆ ಅದು ನಡೆಯದು, "ಅದು ತಗೊಂಡ್ರೇ ಸಾಲ" ಅನ್ನುವಂತೆಯೂ ಇಲ್ಲ.

ಮುಂಗಾರಿ ಭತ್ತದ ದುಡ್ಡು ಬಂದಾಗ ಒಮ್ಮೆಗೇ ತೀರಿಸಬೇಕೆಂದರೆ ತೀರಿಸಿ. ಕಿರುಸಾಲಕ್ಕೆ ಅವಧಿಗೆ ಮುಂಚೆ ಕಟ್ಟಿದ್ದಕ್ಕೆ ದಂಡ ಇಲ್ಲ. ಕಂತು ತಡವಾದರೆ ದಂಡ ಇದೆ, ಆದರೆ ತಪ್ಪಿದ ಕಂತಿನ ಮೊತ್ತಕ್ಕೆ ಮಾತ್ರ, ಪೂರ್ತಿ ಸಾಲಕ್ಕಲ್ಲ.

ಪ್ರಶ್ನೆ: ನಮ್ಮದು 12 ಜನರ ಸಂಘ, ಸರಕಾರದ ಸಂಜೀವಿನಿ ಯೋಜನೆಯ ಒಕ್ಕೂಟಕ್ಕೆ ಸೇರೀವಿ. ವಾರಕ್ಕೆ 50 ರೂಪಾಯಿ ಉಳಿತಾಯ, ಎಂಟು ತಿಂಗಳಾತು. ಬ್ಯಾಂಕಿಗೆ ಹೋದ್ರ "ಖಾತೆ ತೆಗೆದು ಆರು ತಿಂಗಳಾಗಿಲ್ಲ" ಅಂತಾರ, ಇನ್ನೊಮ್ಮೆ "ನಿಮ್ಮಾಗ ಒಬ್ಬಾಕಿದು ಬೆಳೆಸಾಲ ಬಾಕಿ ಐತಿ" ಅಂತಾರ. ಏನ್ ಮಾಡೂದು? — ಮಸ್ಕಿ

ಎರಡೂ ಕಾರಣ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಸಂಘ ಕನಿಷ್ಠ ಆರು ತಿಂಗಳು ನಡೆದಿರಬೇಕು, ಆದರೆ ಆ ಆರು ತಿಂಗಳನ್ನು ಎಣಿಸುವುದು ಸಂಘದ ಪುಸ್ತಕದಿಂದ, ಖಾತೆ ತೆರೆದ ದಿನದಿಂದಲ್ಲ. ಸದಸ್ಯೆಯೊಬ್ಬಳದ್ದೋ ಅವಳ ಮನೆಯವರದ್ದೋ ಬ್ಯಾಂಕ್ ಸಾಲ ಬಾಕಿ ಇದ್ದರೆ ಅದಕ್ಕಾಗಿ ಇಡೀ ಸಂಘಕ್ಕೆ ಸಾಲ ನಿಲ್ಲಿಸಬಾರದು, ಸಂಘವೇ ಬಾಕಿದಾರ ಆಗಿರಬಾರದು ಅಷ್ಟೇ. ಬಂದ ಬ್ಯಾಂಕ್ ಸಾಲದಲ್ಲಿ ಬಾಕಿ ಇರುವ ಆ ಸದಸ್ಯೆಗೆ ಕೊಡುವಂತಿಲ್ಲ ಎಂಬ ಷರತ್ತು ಇದೆ. ಅದನ್ನು ಠರಾವಿನಲ್ಲೇ ಬರೆದುಕೊಡಿ, ಮ್ಯಾನೇಜರಿಗೆ ಆಕ್ಷೇಪಣೆ ಎತ್ತಲು ಜಾಗ ಉಳಿಯದು. ಉಳಿತಾಯ ಖಾತೆ ತೆಗೆಯುವಾಗ ಪದಾಧಿಕಾರಿಗಳ ಗುರುತು ದಾಖಲೆ ಸಾಕು. 12 ಜನರ ಆಧಾರ್ ಕೇಳುವುದು ಸಾಲದ ಹೊತ್ತಿಗೆ.

ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಲೆಕ್ಕ ಇದೆ. ಆರು ತಿಂಗಳದ್ದಷ್ಟೇ ಹಿಡಿದರೂ 26 ವಾರ, ವಾರಕ್ಕೆ 600, ಅಂದರೆ 15,600. ಒಳಸಾಲದ (ಸಂಘ ತನ್ನ ಸದಸ್ಯೆಯರಿಗೇ ಕೊಟ್ಟ ಸಾಲದ) ಬಡ್ಡಿ 900 ಬಂದಿದೆ ಅನ್ನೋಣ. ಸುತ್ತುನಿಧಿ (ಯೋಜನೆಯಿಂದ ಸಂಘಕ್ಕೆ ಬರುವ ದುಡ್ಡು) 20,000 ಬಂದಿದ್ದರೆ ಒಟ್ಟು ನಿಧಿ 36,500. ಮೊದಲ ಬ್ಯಾಂಕ್ ಸಾಲ ಇದರ ಆರು ಪಟ್ಟು ಅಥವಾ 1.5 ಲಕ್ಷ, ಯಾವುದು ಹೆಚ್ಚೋ ಅದು. ನಿಮಗೆ 2,19,000 ಆಗುತ್ತದೆ. ಸುತ್ತುನಿಧಿ ಬಂದಿರದಿದ್ದರೆ ಆರು ಪಟ್ಟು 99,000 ಮಾತ್ರ, ಆದರೂ 1.5 ಲಕ್ಷಕ್ಕೆ ಅರ್ಜಿ ಹಾಕಬಹುದು. 10 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ, ಸಂಘದ ಉಳಿತಾಯ ಖಾತೆಯ ದುಡ್ಡನ್ನು ತಡೆ ಹಿಡಿಯುವಂತೆಯೂ ಇಲ್ಲ. ಸಂಜೀವಿನಿ ಸಂಘಗಳಿಗೆ 3 ಲಕ್ಷದವರೆಗೆ ಶೇ.7 ಬಡ್ಡಿ. ಈ ರಿಯಾಯಿತಿ ಸಿಗುವುದು ಸಕಾಲಕ್ಕೆ ಕಟ್ಟಿದರೆ.

ಇಷ್ಟೆಲ್ಲ ಇದ್ದರೂ ಅರ್ಜಿಗಳು ವಾಪಸ್ ಬರುವುದು ಪುಸ್ತಕದಿಂದ. ಪಂಚಸೂತ್ರ ಅಂತ ಗೋಡೆ ಮೇಲೆ ಬರೆದಿರುವ ಐದೂ ಸಂಗತಿಗಳನ್ನು (ವಾರದ ಸಭೆ, ವಾರದ ಉಳಿತಾಯ, ಒಳಸಾಲ, ಸಕಾಲ ಮರುಪಾವತಿ, ಲೆಕ್ಕ) ಬ್ಯಾಂಕಿನವರು ಪುಸ್ತಕದಲ್ಲೇ ಹುಡುಕುತ್ತಾರೆ. ಅನುಭವಿ ಫೀಲ್ಡ್ ಆಫೀಸರ್ ಮೊದಲು ತೆಗೆಯುವುದು ನಡಾವಳಿ ಪುಸ್ತಕ. ಹತ್ತು ವಾರದ ನಡಾವಳಿ ಒಂದೇ ಪೆನ್ನು, ಒಂದೇ ಶಾಯಿ, ಒಂದೇ ಸಲ ಕೂತು ಬರೆದ ಅಕ್ಷರ ಇದ್ದರೆ ಸಾಲ ಕೇಳೋಕೆ ಮುಂಚಿನ ರಾತ್ರಿ ಬರೆದದ್ದು ಅಂತ ಗೊತ್ತಾಗಿಬಿಡುತ್ತದೆ. ಉಗಾದಿ ವಾರ, ಜಾತ್ರೆ ವಾರವೂ ಹನ್ನೆರಡಕ್ಕೆ ಹನ್ನೆರಡು ಹಾಜರಿ ಇದ್ದರೂ ಅನುಮಾನ. ಗೈರು ಇದ್ದದ್ದನ್ನು ಗೈರು ಅಂತಲೇ ಬರೆಯಿರಿ, ಅದರಿಂದ ಅಂಕ ಕಳೆಯುವುದಕ್ಕಿಂತ ನಂಬಿಕೆ ಬರುವುದೇ ಹೆಚ್ಚು.

ಎರಡನೆಯದು ನಗದು ಪುಸ್ತಕ. ಹಿಂದಿನ ವಾರದ ಉಳಿಕೆಗೆ ಈ ವಾರದ ಜಮಾ ಕೂಡಿಸಿ, ಖರ್ಚು ಮತ್ತು ಕೊಟ್ಟ ಸಾಲ ಕಳೆದರೆ ಕೈಯಲ್ಲಿರುವ ನಗದು ಬರಬೇಕು. ಆ ನಗದನ್ನು ಸಭೆಯಲ್ಲೇ ಎಲ್ಲರೆದುರು ಎಣಿಸಿ. ಪುಸ್ತಕದಲ್ಲಿ "ಕೈಯಲ್ಲಿ 14,000" ಅಂತ ವಾರಗಟ್ಟಲೆ ಕಂಡರೆ ಒಂದೋ ಅದು ಪ್ರತಿನಿಧಿಯ ಮನೆ ಖರ್ಚಿಗೆ ಹೋಗಿದೆ, ಇಲ್ಲವೇ ಒಳಸಾಲ ಕೊಡುತ್ತಿಲ್ಲ. ಎರಡೂ ಸಂಘಕ್ಕೆ ಕೇಡು. ಸಭೆ ಮುಗಿದಾಗ ಕೈಯಲ್ಲಿ ಉಳಿಯುವ ದುಡ್ಡು ಸಾವಿರದೊಳಗಿದ್ದು, ಉಳಿದದ್ದು ಸಾಲವಾಗಿಯೋ ಬ್ಯಾಂಕಿನಲ್ಲಿಯೋ ಇರುವುದು ಒಳ್ಳೆಯದು. ಸದಸ್ಯೆಯ ಕೈಯಲ್ಲಿರುವ ಪಾಸ್‌ಬುಕ್ಕಿನ ಅಂಕಿ, ಸಂಘದ ಲೆಡ್ಜರಿನ ಅಂಕಿ ತಾಳೆ ಆಗುತ್ತದೆಯೇ ಅಂತ ಮೂರು ತಿಂಗಳಿಗೊಮ್ಮೆ ನಾಲ್ಕು ಜನರದ್ದಾದರೂ ತೆಗೆದು ನೋಡಿ. ಸಂಘ ಒಡೆಯುವುದು ಬಹುಪಾಲು ಇಲ್ಲಿ: ಒಬ್ಬಾಕೆಯೇ ಬರೆಯುತ್ತಾಳೆ, ಅವಳೇ ಬ್ಯಾಂಕಿಗೆ ಹೋಗುತ್ತಾಳೆ, ಅವಳೇ ದುಡ್ಡು ಇಟ್ಟುಕೊಳ್ಳುತ್ತಾಳೆ. ಮೂರೂ ಕೆಲಸ ಮೂವರಿಗೆ ಹಂಚಿ, ಪ್ರತಿನಿಧಿಗಳನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಿ.

ಅರ್ಜಿಯ ಜೊತೆ ಬೇಕಾದವು: ಇಷ್ಟು ಸಾಲ ಬೇಕು, ಇಂಥವರು ಸಹಿ ಹಾಕುತ್ತಾರೆ ಎಂದು ಎಲ್ಲ ಸದಸ್ಯೆಯರೂ ಸಹಿ ಮಾಡಿದ ಠರಾವು, ಸದಸ್ಯೆಯರು ತಮ್ಮ ತಮ್ಮೊಳಗೆ ಮಾಡಿಕೊಳ್ಳುವ ಒಪ್ಪಂದ ಪತ್ರ, ಕಿರು ಸಾಲ ಯೋಜನೆ, ಫೋಟೋ, ಗುರುತು ದಾಖಲೆ. ಬ್ಯಾಂಕ್ ಸಖಿ (ಸಂಘಗಳಿಗೆ ಬ್ಯಾಂಕ್ ಕೆಲಸದಲ್ಲಿ ನೆರವಾಗುವಾಕೆ) ಇದ್ದರೆ ಅವರ ಮೂಲಕ ಕೊಡಿ. ಯಾರು ಕೊಟ್ಟರೂ ಸ್ವೀಕೃತಿ ಪಡೆಯಿರಿ, ತಿರಸ್ಕರಿಸಿದರೆ ಕಾರಣ ಬರೆದು ಕೊಡಿ ಅನ್ನಿ. ಬಾಯಿಮಾತಿನ "ಮುಂದಿನ ವಾರ ಬರ್ರಿ"ಗೆ ಯಾರೂ ಮೇಲ್ಮನವಿ ಹಾಕಲಾರರು.

ಕಿರು ಸಾಲ ಯೋಜನೆ ಬಗ್ಗೆ ಎರಡು ಮಾತು ಹೆಚ್ಚಿಗೆ, ಏಕೆಂದರೆ ನಮ್ಮ ಮೂರೂ ಜಿಲ್ಲೆಯಲ್ಲಿ ಸಂಘದ ಸಾಲ ಪೋಲಾಗುವುದು ಇಲ್ಲೇ. 1.5 ಲಕ್ಷ ಬಂದರೆ 12 ಜನ ಸಮ ಪಾಲು ಹಾಕಿಕೊಳ್ಳುತ್ತಾರೆ, ತಲೆಗೆ 12,500. "ಜಗಳ ಬ್ಯಾಡ" ಎಂಬುದು ಕಾರಣ. ಎಮ್ಮೆ ತರಬೇಕೆಂದಿದ್ದವಳಿಗೆ ಅದು ಸಾಲದು, ಏನೂ ಬೇಡವಾಗಿದ್ದವಳಿಗೆ ಅದು ಖರ್ಚಾಗುತ್ತದೆ. ಆರು ತಿಂಗಳಲ್ಲಿ ಏನೂ ಬೇಡವಾಗಿದ್ದವಳ ಕಂತೇ ಮೊದಲು ತಪ್ಪುತ್ತದೆ. ಸರಿಯಾದ ಯೋಜನೆಯಲ್ಲಿ ಪ್ರತಿಯೊಬ್ಬಳ ಹೆಸರಿನ ಮುಂದೆ ಮನೆಯ ಆದಾಯ, ಈಗಿರುವ ಸಾಲ, ಯಾವ ಕೆಲಸಕ್ಕೆ, ಎಷ್ಟು, ಯಾವ ತಿಂಗಳಲ್ಲಿ ಬೇಕು ಎಂದು ಬರೆದು, ಮೊದಲ ಸುತ್ತಿಗೆ ನಾಲ್ಕೈದು ಜನ, ಅವರ ಮರುಪಾವತಿಯಿಂದ ಮುಂದಿನವರು ಅಂತ ಸರದಿ ಮಾಡುತ್ತಾರೆ. ಸರದಿಯನ್ನು ಸಭೆಯಲ್ಲಿ ಓದಿ ಹೇಳಿ ಸಹಿ ಹಾಕಿಸಿದರೆ ಜಗಳ ಕಮ್ಮಿ.

ಪ್ರಶ್ನೆ: 70,000 ಸಾಲ ಮಾಡಿ ಮುರ್ರಾ ಎಮ್ಮೆ ತರಬೇಕೆಂದಿದ್ದೇನೆ. ಹಾಲಿನ ದುಡ್ಡಲ್ಲಿ ಕಂತು ಹೋಗುತ್ತದೆಯೇ? ಎರಡೆಕರೆ ಗದ್ದೆ ಇದೆ, ಹುಲ್ಲಿಗೆ ತೊಂದರೆ ಇಲ್ಲ. — ಕಾರಟಗಿ

ಬರೆದು ನೋಡೋಣ. ದರಗಳು ಲೆಕ್ಕಕ್ಕಾಗಿ ಹಾಕಿದವು, ನಿಮ್ಮ ಡೇರಿ ಚೀಟಿ ನೋಡಿ ಬದಲಿಸಿಕೊಳ್ಳಿ. ದಿನಕ್ಕೆ ಸರಾಸರಿ 6 ಲೀಟರ್, ಮನೆಗೆ 1 ಇಟ್ಟು 5 ಲೀಟರ್ ಡೇರಿಗೆ, ಲೀಟರಿಗೆ 45 ಅಂದರೆ ತಿಂಗಳಿಗೆ 6,750. ಎಮ್ಮೆಗೆ ಎರಡು ಲೀಟರ್ ಹಾಲಿಗೆ 1 ಕಿಲೋ ಹಿಂಡಿ, ಮೈಗೆ ಇನ್ನೊಂದು ಕಿಲೋ, ಒಟ್ಟು 4 ಕಿಲೋ. ಕಿಲೋಗೆ 30ರಂತೆ ತಿಂಗಳಿಗೆ 3,600. ಔಷಧ, ಲವಣ ಮಿಶ್ರಣ 300. ಉಳಿಯುವುದು 2,850.

ಕಂಪನಿಯಿಂದ 70,000, ಶೇ.24, ಎರಡು ವರ್ಷ ಅಂದರೆ ಕಂತು 3,701. ಹಾಲು ತುಂಬಿ ಬರುವ ತಿಂಗಳಲ್ಲೇ 851 ಕೈಯಿಂದ ಹಾಕಬೇಕು. ಹಾಲು ಬತ್ತಿದ ತಿಂಗಳಲ್ಲಿ ಪೂರ್ತಿ ಕಂತು, ಮೇಲೆ ದಿನಕ್ಕೆ ಒಂದೂವರೆ ಕಿಲೋ ಹಿಂಡಿ. ಇಲ್ಲಿ ಎರಡನೇ ಸಾಲ ಹುಟ್ಟುತ್ತದೆ. ಮೊದಲ ಕಂಪನಿಯ ಕಂತಿಗೆ ಎರಡನೇ ಕಂಪನಿ, ಅದಕ್ಕೆ ಮೂರನೆಯದು.

ಅದೇ ಎಮ್ಮೆಗೆ 30,000 ನಿಮ್ಮ ಉಳಿತಾಯದಿಂದ ಹಾಕಿ, 40,000 ಮಾತ್ರ ಸಂಘದಿಂದ ಶೇ.12ಕ್ಕೆ ಮೂರು ವರ್ಷಕ್ಕೆ ತಂದರೆ ಕಂತು 1,329. ಹಾಲಿನ ಒಂಬತ್ತು ತಿಂಗಳಲ್ಲಿ ತಿಂಗಳಿಗೆ 1,521 ಉಳಿಯುತ್ತದೆ, ಒಟ್ಟು 13,689. ಬತ್ತಿದ ಮೂರು ತಿಂಗಳಿಗೆ ಕಂತು, ಹಿಂಡಿ 1,350, ಔಷಧ 300 ಸೇರಿ 8,937 ಬೇಕು. ವರ್ಷದ ಕೊನೆಗೆ ಕೈಯಲ್ಲಿ 4,752, ಮನೆಗೆ ದಿನಕ್ಕೊಂದು ಲೀಟರ್ ಹಾಲು, ಒಂದು ಕರು, ಗದ್ದೆಗೆ ಗೊಬ್ಬರ. ದೊಡ್ಡ ಲಾಭವಲ್ಲ, ಆದರೆ ಎಮ್ಮೆ ತನ್ನ ಸಾಲ ತಾನೇ ತೀರಿಸುತ್ತದೆ. ನಾಲ್ಕನೇ ವರ್ಷದಿಂದ ಕಂತಿನ ದುಡ್ಡೂ ನಿಮ್ಮದೇ. ಹಾಲಿನ ತಿಂಗಳಲ್ಲಿ ಉಳಿಯುವ 1,521ರಲ್ಲಿ ಒಂದು ಸಾವಿರವನ್ನು ಬೇರೆ ಖಾತೆಗೆ ಹಾಕದಿದ್ದರೆ ಈ ಲೆಕ್ಕ ಕಾಗದದ ಮೇಲೇ ಉಳಿಯುತ್ತದೆ.

ತಪ್ಪುವ ಜಾಗಗಳು: ಎಮ್ಮೆ ವರ್ಷಕ್ಕೊಂದು ಕರು ಹಾಕುವುದು ಅಪರೂಪ, ಗಬ್ಬ ನಿಲ್ಲುವುದು ತಡವಾದರೆ ಬತ್ತಿದ ತಿಂಗಳು ಮೂರಲ್ಲ, ಐದಾರು ಆಗುತ್ತವೆ. ಬೇಸಿಗೆಯಲ್ಲಿ ಎಮ್ಮೆಗೆ ಬೆದೆ ಕಾಣುವುದೇ ಕಷ್ಟ, ನೆರಳು ಮತ್ತು ದಿನಕ್ಕೆರಡು ಸಲ ಮೈಮೇಲೆ ನೀರು ಇದ್ದರೆ ಉತ್ತಮ. ಸಂತೆಯಲ್ಲಿ ಹಿಂದಿನ ಹೊತ್ತು ಕರೆಯದೆ ಕೆಚ್ಚಲು ತುಂಬಿಸಿ ನಿಲ್ಲಿಸಿರುತ್ತಾರೆ, ಹಾಗಾಗಿ ಸಂಜೆ, ಬೆಳಗ್ಗೆ, ಮತ್ತೆ ಸಂಜೆ, ಮೂರು ಹೊತ್ತು ಎದುರಿಗೇ ಕರೆಸಿ ನೋಡಿ. ಎರಡನೆಯ ಅಥವಾ ಮೂರನೆಯ ಸೂಲಿನದು, ಈಯ್ದು ತಿಂಗಳೊಳಗಿನದು ಒಳ್ಳೆಯದು. ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸಿ. ಓಲೆ ಬಿದ್ದುಹೋದರೆ ತಕ್ಷಣ ತಿಳಿಸಿ ಹೊಸದು ಹಾಕಿಸಬೇಕು, ಇಲ್ಲದಿದ್ದರೆ ಎಮ್ಮೆ ಸತ್ತಾಗ ಕ್ಲೇಮು ನಿಲ್ಲುವುದಿಲ್ಲ. ಲೀಟರಿಗೆ ಸರಕಾರ ಕೊಡುವ 5 ರೂಪಾಯಿ ಪ್ರೋತ್ಸಾಹಧನವನ್ನು ಕಂತಿನ ಲೆಕ್ಕದಲ್ಲಿ ಸೇರಿಸಬೇಡಿ. ಅದು ಬರುತ್ತದೆ, ಆದರೆ ಕಂತಿನ ದಿನ ನೋಡಿ ಬರುವುದಿಲ್ಲ.

ಗದ್ದೆಯ ಹುಲ್ಲು ನಂಬಿದ್ದೀರಿ, ಸರಿ. ಆದರೆ ಕಾಲುವೆ ನೀರು ಎರಡನೇ ಬೆಳೆಗೆ ಬಾರದ ವರ್ಷ ಹುಲ್ಲು ಕೊಳ್ಳಬೇಕಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆಯವರಿಗೆಲ್ಲ ಈ ಭಯ ಒಟ್ಟಿಗೇ ಬಂದಿತ್ತು. ಒಂದು ಬೆಳೆಯ ಹುಲ್ಲಿನಲ್ಲಿ ವರ್ಷ ದಾಟುತ್ತದೆಯೇ ಅಂತ ಬಣವೆ ನೋಡಿ ನಿರ್ಧರಿಸಿ.

ಪ್ರಶ್ನೆ: ಮನೆಯವರು ಗುಳೆ ಹೋಗಿ ಎರಡು ತಿಂಗಳು ದುಡ್ಡು ಕಳಿಸಿಲ್ಲ, ಕಂತು ತಪ್ಪಿದೆ. ಕಂಪನಿಯವರು ರಾತ್ರಿ ಎಂಟಕ್ಕೆ ಬಂದು ಬಾಗಿಲ ಮುಂದೆ ಕೂತು, ಗುಂಪಿನವರನ್ನೂ ಕರೆಸಿ ಬೈಯಿಸುತ್ತಾರೆ. ಸರಕಾರ ಹೊಸ ಕಾನೂನು ಮಾಡಿದೆ, ಕಟ್ಟಬೇಕಾಗಿಲ್ಲ ಅಂತಲೂ ಕೆಲವರು ಹೇಳುತ್ತಾರೆ. — ದೇವದುರ್ಗ

ಕಟ್ಟಬೇಕಾಗಿಲ್ಲ ಅನ್ನುವ ಮಾತು ನಂಬಬೇಡಿ. ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು ಆಮೇಲೆ ಕಾಯ್ದೆ ಮಾಡಿತು. ಅದು ಮುಖ್ಯವಾಗಿ ಜಿಲ್ಲಾಧಿಕಾರಿಯ ಬಳಿ ನೋಂದಾಯಿಸದೆ ಸಾಲ ಕೊಡುವವರಿಗೆ, ಅಡಮಾನ ಹಿಡಿಯುವವರಿಗೆ, ಬೆದರಿಸುವವರಿಗೆ. ತಪ್ಪಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಹಣಕಾಸು ಕಂಪನಿಗಳು ಅದರ ಹೊರಗೆ. ಅವರ ಸಾಲ ಸಾಲವೇ. ನಿಲ್ಲಿಸಿದರೆ ಕ್ರೆಡಿಟ್ ವರದಿಯಲ್ಲಿ (ನಿಮ್ಮ ಸಾಲಗಳ ದಾಖಲೆ) ಕೂತು, ಮುಂದೆ ಬೆಳೆಸಾಲಕ್ಕೂ ಅಡ್ಡ ಬರುತ್ತದೆ.

ಆದರೆ ಅವರಿಗೂ 2022ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಇದೆ. ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನು ಮಾಡುವುದು ಸಹ ಕಿರುಕುಳವೇ. ವಸೂಲಿ ನಡೆಯಬೇಕಾದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ನೀವು ಸತತ ಎರಡು ಸಲವಾದರೂ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಬೈಗುಳ, ಬೆದರಿಕೆ, ನೆಂಟರು, ನೆರೆಹೊರೆಯವರಿಗೆ ಕಾಟ, ಬಾಕಿದಾರರ ಹೆಸರು ಸಾರುವುದು ಯಾವುದೂ ಸಲ್ಲದು.

ಕಂತಿಗೆ ಹೆದರಿ ಸೆಂಟರ್ ಮೀಟಿಂಗ್ (ಗುಂಪಿನವರು ಸೇರಿ ಕಂತು ಕಟ್ಟುವ ಸಭೆ) ತಪ್ಪಿಸಬೇಡಿ, ಮನೆಗೆ ಬರಲು ಅವರಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ. ಹೋಗಿ, ಇದ್ದಷ್ಟು ಕಟ್ಟಿ, ನೂರೇ ಆಗಲಿ ರಸೀದಿ ಪಡೆದು ಕಾರ್ಡಿನಲ್ಲಿ ಬರೆಸಿ. ಗುಳೆಯಿಂದ ಇಂಥ ತಿಂಗಳು ದುಡ್ಡು ಬರುತ್ತದೆ, ಕಂತು ಮುಂದೂಡಿ ಅಥವಾ ಸಣ್ಣದು ಮಾಡಿ ಅಂತ ಶಾಖೆಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಕಾಟದ ದೂರನ್ನೂ ದಿನಾಂಕ, ವೇಳೆ, ಬಂದವನ ಹೆಸರು ಸಹಿತ ಬರೆಯಿರಿ. ಕುಂದುಕೊರತೆ ನಂಬರ್ ಸಾಲದ ಕಾರ್ಡಿನ ಮೇಲೇ ಇರುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಆಲಿಸುವ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ವಿವರಕ್ಕೆ 14448ಕ್ಕೆ ಫೋನು ಮಾಡಿ, ದುಡ್ಡು ಹಿಡಿಯುವುದಿಲ್ಲ. ಕೈ ಮಾಡಿದರೆ, ಬೆದರಿಸಿದರೆ, ಸಾಮಾನು ಎತ್ತಿಕೊಂಡು ಹೋದರೆ 30 ದಿನ ಕಾಯುವ ಮಾತಿಲ್ಲ, ನೇರ ಪೊಲೀಸ್ ಠಾಣೆಗೆ.

ಇನ್ನೊಂದು ನಿಯಮ ಎಲ್ಲರೂ ಮೊದಲೇ ತಿಳಿದಿರಬೇಕು: ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಆದಾಯ 15,000 ಇದ್ದರೆ ಒಟ್ಟು ಕಂತು 7,500ರೊಳಗೆ. ಇದನ್ನು ನೋಡಬೇಕಾದವರು ಸಾಲ ಕೊಡುವವರೇ. ಆದರೆ ಅರ್ಜಿ ತುಂಬುವ ಹುಡುಗ ಟಾರ್ಗೆಟ್ಟಿಗಾಗಿ ಆದಾಯ ಏರಿಸಿ ಬರೆಯುತ್ತಾನೆ, ನಾವು "ಸಾಲ ಸಿಗಲಿ" ಅಂತ ಸುಮ್ಮನಿರುತ್ತೇವೆ. ಸಹಿಗೆ ಮುಂಚೆ ಆ ಅಂಕಿ ಓದಿಸಿ ಕೇಳಿ.

ಪ್ರಶ್ನೆ: ಪಕ್ಕದ ಮನೆಯಾಕೆ ನನ್ನ ಹೆಸರಲ್ಲಿ 30,000 ಸಾಲ ಎತ್ತಿಕೊಂಡಿದ್ದಾಳೆ, ಕಂತು ತಾನೇ ಕಟ್ಟುತ್ತೇನೆ ಅಂದಿದ್ದಳು. ಈಗ ಊರು ಬಿಟ್ಟಿದ್ದಾಳೆ. — ಕಂಪ್ಲಿ

ಸಾಲ ನಿಮ್ಮ ಹೆಸರಲ್ಲಿದ್ದರೆ, ದುಡ್ಡು ನಿಮ್ಮ ಖಾತೆಗೆ ಬಂದಿದ್ದರೆ ಕಂಪನಿಯ ಲೆಕ್ಕದಲ್ಲಿ ನೀವೇ ಸಾಲಗಾರರು. ಖಾತೆಯಿಂದ ಆಕೆಗೆ ದುಡ್ಡು ಹೋದ ದಾಖಲೆ, ಆಕೆ ಕಟ್ಟಿದ ಕಂತುಗಳ ಸಾಕ್ಷಿ, ಫೋನಿನ ಸಂದೇಶ ಇದ್ದರೆ ತೆಗೆದಿಟ್ಟು ಠಾಣೆಯಲ್ಲಿ ವಂಚನೆ ದೂರು ಕೊಡಿ. ಜೊತೆಗೇ ಶಾಖೆಗೆ ಹೋಗಿ ಕಂತು ಸಣ್ಣದು ಮಾಡಿಸಿಕೊಳ್ಳಿ, ದೂರು ಇತ್ಯರ್ಥವಾಗುವವರೆಗೆ ಬಡ್ಡಿ ಕಾಯುವುದಿಲ್ಲ. ನಿಮ್ಮ ಆಧಾರ್ ಮೇಲೆ ಇನ್ನೂ ಯಾವ ಸಾಲ ಇದೆ ಅಂತಲೂ ನೋಡಿಸಿ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆ ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಒಬ್ಬರ ಹೆಸರು ಎರವಲು ಪಡೆದವರು ಬಹಳ ಸಲ ಓಣಿಯ ನಾಲ್ಕೈದು ಜನರ ಹೆಸರಲ್ಲಿ ಸಾಲ ಎತ್ತಿರುತ್ತಾರೆ, ವಿಚಾರಿಸಿ. ಎಲ್ಲರೂ ಸೇರಿ ಒಂದೇ ದೂರು ಕೊಟ್ಟರೆ ಠಾಣೆಯಲ್ಲಿ ತೂಕ ಹೆಚ್ಚು.

ಪ್ರಶ್ನೆ: ಸಾಲದ ಜೊತೆ ವಿಮೆಗೆ ದುಡ್ಡು ಹಿಡಿದಿದ್ದಾರೆ. ಅದೇ ಸಾಕೇ? — ಕುಷ್ಟಗಿ

ಆ ವಿಮೆ ಸಾಮಾನ್ಯವಾಗಿ ಸಾವಿನ ಹೊತ್ತಿಗೆ ಉಳಿದ ಸಾಲ ತೀರಿಸುವುದಕ್ಕೆ. ಗಂಡನ ಹೆಸರೂ ಸೇರಿದೆಯೇ ಅಂತ ವಿಮಾ ಪ್ರಮಾಣಪತ್ರ ಕೇಳಿ ಪಡೆಯಿರಿ. ಸೇರಿದ್ದೂ ಗೊತ್ತಿಲ್ಲದೆ ಗಂಡ ತೀರಿಕೊಂಡ ಮೇಲೂ ಕಂತು ಕಟ್ಟುತ್ತಾ ಬಂದವರಿದ್ದಾರೆ. ಮನೆಗೆ ಆಸರೆ ಬೇಕೆಂದರೆ ಬ್ಯಾಂಕ್ ಖಾತೆಯಿಂದ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ (ವರ್ಷಕ್ಕೆ 436 ರೂಪಾಯಿ, 18ರಿಂದ 50 ವಯಸ್ಸು) ಮತ್ತು ಸುರಕ್ಷಾ ವಿಮೆ (20 ರೂಪಾಯಿ, ಅಪಘಾತಕ್ಕೆ, 18ರಿಂದ 70) ಮಾಡಿಸಿ. ಎರಡರಲ್ಲೂ 2 ಲಕ್ಷ. ವಿಮಾ ವರ್ಷ ಜೂನ್ 1ರಿಂದ ಶುರು, ಮೇ ಕೊನೆಯ ವಾರ ಖಾತೆಯಲ್ಲಿ 456 ರೂಪಾಯಿ ಇರುವಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಅದು ನವೀಕರಣ ಆಗುವುದಿಲ್ಲ.